ಬೇಡವೆನ್ನಬಲ್ಲ ಕೋಶ: ಯೀಸ್ಟ್‌ನಿಂದ ಸ್ತನ ಕ್ಯಾನ್ಸರಿನ ಮಾತ್ರೆಯವರೆಗೆ

ಪಾಲ್ಬೊಸಿಕ್ಲಿಬ್ ಎಂಬ ಸ್ತನ ಕ್ಯಾನ್ಸರ್ ಔಷಧಿಯ ಭಾರತೀಯ ಪೇಟೆಂಟ್ 2023ರ ಜನವರಿಯಲ್ಲಿ ಮುಗಿಯಿತು. ಅಲ್ಲಿಯವರೆಗೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಬೇಡುತ್ತಿದ್ದ ಮಾತ್ರೆಯನ್ನು ಹಲವು ಭಾರತೀಯ ಕಂಪನಿಗಳು ತಯಾರಿಸತೊಡಗಿದವು. ಬೆಲೆ ಹಿಂದಿನದರ ಒಂದು ಸಣ್ಣ ಪಾಲಿಗೆ ಇಳಿಯಿತು. ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗಿಬರುವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಕುಟುಂಬಗಳ ಔಷಧಿ ಚೀಟಿಯಲ್ಲಿ ಈಗ ಈ ಹೆಸರು ಕಾಣಿಸಿಕೊಳ್ಳಲು ಸಾಧ್ಯವಾಗಿದೆ. ಚೀಟಿಯ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಇಪ್ಪತ್ತೊಂದು ದಿನ ನುಂಗಿ ಏಳು ದಿನ ಬಿಡುವುದೇಕೆ? ಬಿಳಿ ರಕ್ತಕಣಗಳನ್ನು ಪದೇ ಪದೇ ಎಣಿಸುವುದೇಕೆ? ಹಾರ್ಮೋನ್ ತಡೆಯುವ ಇನ್ನೊಂದು ಮಾತ್ರೆ ಜೊತೆಗೆ ಇರಲೇಬೇಕೆ?

ಈ ಮೂರಕ್ಕೂ ಉತ್ತರ ಮೊದಲು ದೊರೆತದ್ದು ರೋಗಿಗಳ ಮೇಲೆ ನಡೆದ ಸಂಶೋಧನೆಯಲ್ಲಿ ಅಲ್ಲ. ಬೇಕರಿಯಲ್ಲಿ ಬನ್ನಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಮತ್ತು ಆಫ್ರಿಕಾದ ಸಿರಿಧಾನ್ಯದ ಬಿಯರಿನಿಂದ 1893ರಲ್ಲಿ ಬೇರ್ಪಡಿಸಿದ ಇನ್ನೊಂದು ಯೀಸ್ಟ್, ಇವೆರಡು ಏಕಕೋಶ ಜೀವಿಗಳು ಹೇಗೆ ಎರಡಾಗುತ್ತವೆ ಎಂದು ತಿಳಿಯಲು ಹೊರಟವರು ಆ ಉತ್ತರಗಳ ಬುನಾದಿ ಹಾಕಿದರು. ಅವರಿಗೆ ಕ್ಯಾನ್ಸರ್ ಔಷಧಿ ಮಾಡುವ ಗುರಿ ಇರಲಿಲ್ಲ. ಅವರು ಕೇಳಿದ ಪ್ರಶ್ನೆ ಇಷ್ಟೇ: ಕೋಶ ವಿಭಜನೆಗೆ ಯಾವಾಗ ಒಪ್ಪುತ್ತದೆ, ಯಾವಾಗ ಒಪ್ಪುವುದಿಲ್ಲ?

ಕ್ಯಾನ್ಸರ್ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಆರಂಭದಲ್ಲೇ ಬದಿಗಿಡಬೇಕು. ಕ್ಯಾನ್ಸರ್ ಎಂದರೆ ಕೋಶಗಳು ವೇಗವಾಗಿ ವಿಭಜನೆಯಾಗುವ ಕಾಯಿಲೆ ಎಂದು ಆರೋಗ್ಯ ಶಿಬಿರಗಳಲ್ಲೂ ಹೇಳುತ್ತಾರೆ. ವೇಗವೇ ಕಾಯಿಲೆಯಾಗಿದ್ದರೆ ನಮ್ಮ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ ಎರಡೂ ಕ್ಯಾನ್ಸರ್ ಎನಿಸಿಕೊಳ್ಳಬೇಕಿತ್ತು. ಅನೇಕ ಗೆಡ್ಡೆಗಳಿಗಿಂತ ವೇಗವಾಗಿ ಅಲ್ಲಿ ಕೋಶಗಳು ಹುಟ್ಟುತ್ತವೆ. ಒಳ್ಳೆಯ ಆಹಾರ ಸಿಕ್ಕ ಯೀಸ್ಟ್ ಸುಮಾರು 90 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆದರೆ ಅದೇ ಯೀಸ್ಟ್‌ಗೆ ಆಹಾರ ತಪ್ಪಿಸಿದರೆ ವಿಭಜನೆಯನ್ನು ತಕ್ಕ ಜಾಗದಲ್ಲಿ ನಿಲ್ಲಿಸಿ ದಿನಗಟ್ಟಲೆ ಕಾಯುತ್ತದೆ. ಆರೋಗ್ಯವಂತ ಕೋಶದ ಗುಣ ಇದು: ಬೇಡ ಎನ್ನಬೇಕಾದಾಗ ಬೇಡ ಎನ್ನಬಲ್ಲದು. ಕ್ಯಾನ್ಸರ್ ಕೋಶ ಕಳೆದುಕೊಂಡಿರುವುದು ಈ ಬೇಡವೆನ್ನುವ ಶಕ್ತಿಯನ್ನು. ಕೋಶದ ವಿಭಜನೆಯನ್ನು ನಡೆಸುವ ಸೈಕ್ಲಿನ್‌ ಮತ್ತು ಕೈನೇಸ್‌ ಎಂಬ ಪ್ರೊಟೀನ್‌ಗಳ ಇಡೀ ಕಥೆ ಆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರ ಕಥೆ.

ಬೇಕರಿ ಯೀಸ್ಟ್ ಸೂಕ್ಷ್ಮದರ್ಶಕದ ಕೆಳಗೆ ನೋಡುವವನಿಗೆ ಬಹಳ ಉಪಕಾರಿ. ಅದು ನಡುವೆ ಸೀಳಿಕೊಳ್ಳುವುದಿಲ್ಲ, ಮೈಮೇಲೆ ಮೊಗ್ಗು ಬಿಡುತ್ತದೆ. ಮೊಗ್ಗಿಲ್ಲದ ಕೋಶ ಇನ್ನೂ ನಿರ್ಧಾರ ಮಾಡಿಲ್ಲ; ಚಿಕ್ಕ ಮೊಗ್ಗಿನ ಕೋಶ ಡಿಎನ್‌ಎಯ ಪ್ರತಿ ಮಾಡಲು ತೊಡಗಿದೆ; ದೊಡ್ಡ ಮೊಗ್ಗಿನದು ವರ್ಣತಂತುಗಳನ್ನು ಹಂಚಿಕೊಡುವ ಹಂತದಲ್ಲಿದೆ. ಹೀಗೆ ಕೋಶ ಚಕ್ರದ ಯಾವ ಘಟ್ಟದಲ್ಲಿದೆ ಎಂಬುದು ಆಕಾರದಲ್ಲೇ ಕಾಣುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ ಈ ಅನುಕೂಲವನ್ನು ಹಿಡಿದುಕೊಂಡರು. 23 ಡಿಗ್ರಿಯಲ್ಲಿ ಸರಿಯಾಗಿ ಬೆಳೆದು 36 ಡಿಗ್ರಿಯಲ್ಲಿ ಕೆಡುವಂತಹ ರೂಪಾಂತರಿ ಯೀಸ್ಟ್‌ಗಳನ್ನು ಅವರು ಕಲೆಹಾಕಿದರು. ಅವುಗಳನ್ನು ಬಿಸಿಗೆ ಒಡ್ಡಿ ಕಾಲಕಾಲಕ್ಕೆ ಚಿತ್ರ ತೆಗೆದಾಗ ಕೆಲವು ಬಗೆಗಳಲ್ಲಿ ಎಲ್ಲ ಕೋಶಗಳೂ ಒಂದೇ ಆಕಾರದಲ್ಲಿ ನಿಂತುಬಿಟ್ಟಿದ್ದವು. ಅಂದರೆ ಕೆಟ್ಟ ವಂಶವಾಹಿ ಚಕ್ರದ ಒಂದು ನಿರ್ದಿಷ್ಟ ಮೆಟ್ಟಿಲಿಗೆ ಬೇಕಾದದ್ದು. 1970ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಚಿತ್ರ ತೆಗೆದು ನೋಡಿದವನು ಇನ್ನೂ ಪದವಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ. ನಮ್ಮ ಪದವಿ ಕಾಲೇಜುಗಳ ಪ್ರಯೋಗಾಲಯಗಳನ್ನು ನೋಡುವಾಗ ನನಗೆ ಆ ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ.

ಹಾರ್ಟ್‌ವೆಲ್ ಕಂಡುಕೊಂಡ ಬಗೆಗಳಲ್ಲಿ ಸಿಡಿಸಿ28 ಎಂಬ ವಂಶವಾಹಿ ಕೆಟ್ಟವು ವಿಶೇಷವಾಗಿದ್ದವು. ಅವು ಮೊಗ್ಗು ಬಿಡುವ ಮೊದಲೇ ನಿಂತವು. ಆ ಬಿಂದುವಿಗೆ ಅವರು ‘ಸ್ಟಾರ್ಟ್’ ಎಂದು ಹೆಸರಿಟ್ಟರು. ಸ್ಟಾರ್ಟ್‌ಗೆ ಮುಂಚೆ ಕೋಶಕ್ಕೆ ಆಯ್ಕೆಗಳಿವೆ: ಆಹಾರವಿಲ್ಲದಿದ್ದರೆ ಕಾಯಬಹುದು, ಎದುರು ಲಿಂಗದ ಯೀಸ್ಟ್‌ನ ರಾಸಾಯನಿಕ ಕರೆ ಬಂದರೆ ವಿಭಜನೆ ಬಿಟ್ಟು ಕೂಡಿಕೆಗೆ ಸಜ್ಜಾಗಬಹುದು. ದಾಟಿದ ಮೇಲೆ ಹಾಗಲ್ಲ. ಆಹಾರ ಮುಗಿದರೂ ಕರೆ ಬಂದರೂ ಹಿಡಿದ ಸುತ್ತನ್ನು ಮುಗಿಸಿಯೇ ನಿಲ್ಲುತ್ತದೆ.

ಇದನ್ನು ನೋಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಕಿರಾಣಿ ಅಂಗಡಿಯ ಒಣ ಯೀಸ್ಟ್ ಪೊಟ್ಟಣದಲ್ಲಿರುವ ಕೋಶಗಳು ಹೆಚ್ಚಿನವು ಮೊಗ್ಗಿಲ್ಲದವು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ, ನೂರು ಕೋಶ ಎಣಿಸಿ, ಎಷ್ಟಕ್ಕೆ ಮೊಗ್ಗಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಬೆಲ್ಲದ ನೀರಿಗೆ ಕಾಳು ಬೇಯಿಸಿ ಬಸಿದ ಕಟ್ಟನ್ನು ಸ್ವಲ್ಪ ಬೆರೆಸಿ, ಬೆಚ್ಚಗಿನ ಜಾಗದಲ್ಲಿ ಯೀಸ್ಟ್ ಹಾಕಿಟ್ಟು, ಅರ್ಧ ಗಂಟೆಗೊಮ್ಮೆ ಮತ್ತೆ ಎಣಿಸುತ್ತಾ ಹೋಗಿ. ಕೆಲವು ಗಂಟೆಗಳಲ್ಲಿ ಮೊಗ್ಗಿನ ಕೋಶಗಳ ಪಾಲು ಏರುವುದು ಕಾಣುತ್ತದೆ. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಕೋಶಚಕ್ರದ ಪಾಠವಿದೆ. ನಾಲ್ಕು ಹಂತಗಳ ವೃತ್ತ, ಪ್ರತಿ ಹಂತದ ಹೆಸರು, ಯೀಸ್ಟ್‌ಗೆ 90 ನಿಮಿಷ ಸಾಕು ಎಂಬ ಮಾಹಿತಿ ಎಲ್ಲವೂ ಅಲ್ಲಿವೆ. ವೃತ್ತ ನೋಡಿದ ಮಗು ಅದನ್ನು ಗಡಿಯಾರವೆಂದು ತಿಳಿಯುತ್ತದೆ. ನೂರು ಕೋಶ ಎಣಿಸಿದ ಮಗುವಿಗೆ ಕೋಶ ಕಾಯುತ್ತಿತ್ತು, ಈಗ ಒಪ್ಪಿತು ಎಂಬುದು ಅರ್ಥವಾಗುತ್ತದೆ. ಈ ಎರಡು ತಿಳಿವಳಿಕೆಗಳ ನಡುವಿನ ಅಂತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಇನ್ನೊಂದು ಯೀಸ್ಟ್ ಹಿಡಿದು ಕುಳಿತಿದ್ದರು, ಬಿಯರಿನಿಂದ ಬಂದ ಆ ಉದ್ದನೆಯ ಯೀಸ್ಟ್. ಅದು ತುದಿಗಳಲ್ಲಿ ಬೆಳೆದು, ತಕ್ಕಷ್ಟು ಉದ್ದವಾದಾಗ ನಡುವೆ ಇಬ್ಭಾಗವಾಗುತ್ತದೆ. ಒಂದು ರೂಪಾಂತರಿಯಲ್ಲಿ ಕೋಶಗಳು ಸಾಮಾನ್ಯ ಅಳತೆಯ ಸುಮಾರು ಅರ್ಧಕ್ಕೇ ವಿಭಜನೆಯಾಗುತ್ತಿದ್ದುದನ್ನು ಅವರು ಗಮನಿಸಿ 1975ರಲ್ಲಿ ಪ್ರಕಟಿಸಿದರು. ನಿಂತುಹೋದ ಕೋಶ ಏನೋ ಕೆಟ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಅವಸರದಲ್ಲಿ ವಿಭಜನೆಯಾಗಿಯೂ ಬದುಕುವ ಕೋಶ ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ: ಅಲ್ಲಿ ಕಾಯಿಸುವ ವ್ಯವಸ್ಥೆಯೊಂದಿತ್ತು, ಅದು ಈಗ ಇಲ್ಲ. ಆ ಕಾಯಿಸುವ ವಂಶವಾಹಿಗೆ ವೀ1 ಎಂದು ಹೆಸರಾಯಿತು. ನರ್ಸ್ ಸುಮಾರು 50 ಇಂಥ ಗಿಡ್ಡ ರೂಪಾಂತರಿಗಳನ್ನು ಹುಡುಕಿ ತೆಗೆದರು. ಒಂದನ್ನು ಬಿಟ್ಟು ಎಲ್ಲವೂ ವೀ1 ಕೆಟ್ಟವೇ. ಉಳಿದ ಆ ಒಂದು ಸಿಡಿಸಿ2 ಎಂಬ ವಂಶವಾಹಿಯಲ್ಲಿತ್ತು. ಕೆಟ್ಟರೆ ವಿಭಜನೆಯನ್ನೇ ನಿಲ್ಲಿಸುವ ವಂಶವಾಹಿ ಎಂದು ಅದು ಆ ವೇಳೆಗೆ ಗೊತ್ತಿತ್ತು. ಒಂದು ಬಗೆಯಲ್ಲಿ ಕೆಟ್ಟರೆ ನಿಲುಗಡೆ, ಇನ್ನೊಂದು ಬಗೆಯಲ್ಲಿ ಬದಲಾದರೆ ಅವಸರ. ಹಾಗಾದರೆ ವೇಗ ನಿರ್ಧರಿಸುವ ಸ್ಥಾನ ಅದೇ ಇರಬೇಕು.

ಮುಂದಿನದು ಬೆರಗಿನ ಸಂಗತಿ. 1982ರಲ್ಲಿ ಬೇಕರಿ ಯೀಸ್ಟ್‌ನ ಸಿಡಿಸಿ28ನ್ನು ಉದ್ದನೆಯ ಯೀಸ್ಟ್‌ಗೆ ಹಾಕಿದಾಗ ಅದು ಕೆಟ್ಟ ಸಿಡಿಸಿ2ರ ಕೆಲಸವನ್ನು ಮಾಡಿತು. ಈ ಎರಡು ಯೀಸ್ಟ್‌ಗಳು ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದವು. ಹೆಸರಿನಲ್ಲಿ ಮಾತ್ರ ನೆಂಟರು. 1987ರಲ್ಲಿ ಮೆಲನಿ ಲೀ ಮತ್ತು ನರ್ಸ್ ಮನುಷ್ಯನ ವಂಶವಾಹಿಗಳ ತುಣುಕುಗಳನ್ನೇ ಸಿಡಿಸಿ2 ಕೆಟ್ಟ ಯೀಸ್ಟ್‌ಗೆ ಸುರಿದರು. ಒಂದು ತುಣುಕು ಪಡೆದ ಯೀಸ್ಟ್ ಎದ್ದು ವಿಭಜನೆಯಾಯಿತು. ಮನುಷ್ಯನ ಆ ಪ್ರೊಟೀನ್ ಯೀಸ್ಟ್‌ನದಕ್ಕೆ ಶೇಕಡ 60ಕ್ಕೂ ಹೆಚ್ಚು ಹೋಲುತ್ತಿತ್ತು. ಯೀಸ್ಟ್‌ನ ಅಧ್ಯಯನ ಮನುಷ್ಯನ ಅಧ್ಯಯನವೂ ಹೌದು ಎಂಬುದು ಅಲ್ಲಿಂದಾಚೆಗೆ ನಂಬಿಕೆಯ ಮಾತಾಗಿ ಉಳಿಯಲಿಲ್ಲ.

ಈ ಪ್ರೊಟೀನ್ ಒಂದು ಕೈನೇಸ್. ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ಗುಂಪೊಂದನ್ನು ಕಿತ್ತು ಬೇರೆ ಪ್ರೊಟೀನ್‌ಗಳ ಮೇಲೆ ಕೂರಿಸುವ ಕಿಣ್ವ. ಫಾಸ್ಫೇಟ್ ಕೂತ ಪ್ರೊಟೀನ್ ಆಕಾರ ಬದಲಿಸುತ್ತದೆ, ಕೆಲಸ ಶುರುಮಾಡುತ್ತದೆ, ನಿಲ್ಲಿಸುತ್ತದೆ, ಅಥವಾ ಕೋಶದ ಕಸ ತೆಗೆಯುವ ಯಂತ್ರಕ್ಕೆ ಗುರುತಾಗುತ್ತದೆ. ಸಿಡಿಸಿ28 ಹೀಗೆ ಮುಟ್ಟುವ ಪ್ರೊಟೀನ್‌ಗಳು ನೂರಾರು. ಒಂದು ತೊಡಕು ಮಾತ್ರ ಉಳಿದಿತ್ತು: ಕೋಶದಲ್ಲಿ ಈ ಕೈನೇಸ್‌ನ ಪ್ರಮಾಣ ಚಕ್ರದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. ಇದ್ದದ್ದು ಇದ್ದಷ್ಟೇ ಇರುವಾಗ ಅದರ ಕೆಲಸ ಏರಿಳಿಯುವುದು ಹೇಗೆ?

ಉತ್ತರ ಸಮುದ್ರದಿಂದ ಬಂತು. 1982ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್‌ನ ಕಡಲತೀರದ ಪ್ರಯೋಗಾಲಯದಲ್ಲಿ ಟಿಮ್ ಹಂಟ್ ಕಡಲ ಮುಳ್ಳುಚೆಂಡಿನ ಮೊಟ್ಟೆಗಳು ಫಲಿತವಾದ ಮೇಲೆ ಯಾವ ಪ್ರೊಟೀನ್‌ಗಳನ್ನು ಮಾಡಿಕೊಳ್ಳುತ್ತವೆ ಎಂದು ನೋಡುತ್ತಿದ್ದರು. ಹೆಚ್ಚಿನವು ಹೊತ್ತು ಕಳೆದಂತೆ ಶೇಖರವಾಗುತ್ತಾ ಹೋದವು. ಒಂದು ಮಾತ್ರ ಶೇಖರವಾಗಿ, ಮೊಟ್ಟೆ ಇಬ್ಭಾಗವಾಗುವ ಹೊತ್ತಿಗೆ ಮಾಯವಾಗಿ, ಮತ್ತೆ ಶೇಖರವಾಗಿ, ಮತ್ತೆ ಮಾಯವಾಯಿತು. ಅದೇ ಸೈಕ್ಲಿನ್. ಕೈನೇಸ್‌ಗೆ ಜೀವ ಬರುವುದು ಸೈಕ್ಲಿನ್ ಅದನ್ನು ಅಪ್ಪಿದಾಗ. ಸೈಕ್ಲಿನ್ ನಾಶವಾದರೆ ಕೈನೇಸ್ ಮತ್ತೆ ನಿಷ್ಕ್ರಿಯ. ಹಾರ್ಟ್‌ವೆಲ್, ನರ್ಸ್, ಹಂಟ್ ಮೂವರಿಗೂ 2001ರ ನೊಬೆಲ್ ಪ್ರಶಸ್ತಿ ಬಂತು. ಕಪ್ಪೆಯ ಮೊಟ್ಟೆಗಳಲ್ಲಿ ವಿಭಜನೆಗೆ ಹುರಿದುಂಬಿಸುವ ಅಂಶವಿದೆ ಎಂದು 1971ರಲ್ಲೇ ತೋರಿಸಿದ ಯೋಶಿಯೊ ಮಸೂಯಿ ಅವರ ಹೆಸರೂ ಇದರೊಂದಿಗೆ ನೆನೆಯಬೇಕಾದದ್ದು. ಆ ಅಂಶವನ್ನು 1988ರಲ್ಲಿ ಶುದ್ಧೀಕರಿಸಿ ನೋಡಿದಾಗ ಅದು ಬೇರೇನೂ ಆಗಿರಲಿಲ್ಲ, ಸಿಡಿಸಿ2 ಮತ್ತು ಸೈಕ್ಲಿನ್‌ಗಳ ಜೋಡಿಯೇ ಆಗಿತ್ತು.

ಬೇಕರಿ ಯೀಸ್ಟ್‌ನ ಸಿಡಿಸಿ28 ಒಂದೇ ಕೈನೇಸ್, ಅದಕ್ಕೆ ಒಂಬತ್ತು ಸೈಕ್ಲಿನ್‌ಗಳು. ಸಿಎಲ್‌ಎನ್ ಎಂಬ ಮೂರು ಸ್ಟಾರ್ಟ್ ದಾಟಿಸಲು, ಸಿಎಲ್‌ಬಿ ಎಂಬ ಆರರಲ್ಲಿ 5 ಮತ್ತು 6 ಡಿಎನ್‌ಎ ಪ್ರತಿ ಮಾಡಿಸಲು, ಉಳಿದ ನಾಲ್ಕು ವರ್ಣತಂತುಗಳ ಹಂಚಿಕೆಗೆ. ಸೈಕ್ಲಿನ್ ಬಂದರಷ್ಟೇ ಸಾಲದು. ಇನ್ನೊಂದು ಕೈನೇಸ್ ಬಂದು ಒಂದು ಫಾಸ್ಫೇಟ್ ಕೂರಿಸಿ ಚುರುಕುಗೊಳಿಸಬೇಕು. ವೀ1 ಬಗೆಯ ಕೈನೇಸ್ ಇನ್ನೊಂದು ಜಾಗದಲ್ಲಿ ಕೂರಿಸಿದ ಫಾಸ್ಫೇಟನ್ನು ಸಿಡಿಸಿ25 ಬಗೆಯ ಕಿಣ್ವ ತೆಗೆಯಬೇಕು. ಸಿಕ್1 ಎಂಬ ತಡೆಪ್ರೊಟೀನ್ ಜೋಡಿಯನ್ನು ಅಪ್ಪಿ ಹಿಡಿದಿದ್ದರೆ ಅದು ಬಿಡಬೇಕು. ಇಷ್ಟು ಒಪ್ಪಿಗೆಗಳು ಒಟ್ಟಾಗದೆ ಕೋಶ ಮುಂದೆ ಹೋಗುವುದಿಲ್ಲ.

ಸ್ಟಾರ್ಟ್‌ನ ಒಳಗೆ ನಡೆಯುವುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮಾತ್ರೆಯ ಗುಟ್ಟು ಅಲ್ಲಿಯೇ ಇದೆ. ವಿಭಜನೆಗೆ ಬೇಕಾದ ವಂಶವಾಹಿಗಳನ್ನು ಎಬ್ಬಿಸುವ ಎಸ್‌ಬಿಎಫ್ ಎಂಬ ಪ್ರೊಟೀನ್ ಜೋಡಿ ಡಿಎನ್‌ಎ ಮೇಲೆ ಸಿದ್ಧವಾಗಿ ಕುಳಿತಿರುತ್ತದೆ. ವ್ಹಿ5 ಎಂಬ ಪ್ರೊಟೀನ್ ಅದನ್ನು ಅದುಮಿ ಹಿಡಿದಿರುತ್ತದೆ. ಕೋಶ ಬೆಳೆದಂತೆ ಸಿಎಲ್‌ಎನ್3 ಸೈಕ್ಲಿನ್‌ನ ಕೆಲಸ ಹೆಚ್ಚುತ್ತದೆ. ಎಸ್‌ಬಿಎಫ್ ಸ್ವಲ್ಪ ಸಡಿಲಗೊಂಡು ಸಿಎಲ್‌ಎನ್1, ಸಿಎಲ್‌ಎನ್2 ಸೈಕ್ಲಿನ್‌ಗಳು ಹುಟ್ಟುತ್ತವೆ. ಇವು ಕೈನೇಸ್ ಜೊತೆ ಸೇರಿ ವ್ಹಿ5ಗೆ ಫಾಸ್ಫೇಟ್ ಕೂರಿಸಿ ಅದನ್ನು ಕೋಶಕೇಂದ್ರದಿಂದಲೇ ಹೊರಗಟ್ಟುತ್ತವೆ. ಎಸ್‌ಬಿಎಫ್ ಪೂರ್ತಿ ಬಿಡುಗಡೆಯಾಗಿ ಮತ್ತಷ್ಟು ಸಿಎಲ್‌ಎನ್1, 2 ಹುಟ್ಟುತ್ತವೆ. ಫಲ ತನ್ನ ಕಾರಣವನ್ನೇ ಬೆಳೆಸುವ ಈ ಸುತ್ತಿನಿಂದಾಗಿ ಕೋಶ ಅರೆಮನಸ್ಸಿನಲ್ಲಿ ಉಳಿಯುವುದಿಲ್ಲ. ನಿರ್ಧಾರ ಅಂಚು ದಾಟಿದರೆ ಪೂರ್ತಿ ದಾಟುತ್ತದೆ.

ಕೋಶಕ್ಕೆ ತಾನು ಸಾಕಷ್ಟು ದೊಡ್ಡದಾದೆ ಎಂದು ಹೇಗೆ ತಿಳಿಯುತ್ತದೆ ಎಂಬ ಬಗ್ಗೆ ಈಗಲೂ ಜೋರಾದ ಚರ್ಚೆಯಿದೆ. ವ್ಹಿ5ನ ಒಟ್ಟು ಪ್ರಮಾಣ ಹಾಗೇ ಇರುವಾಗ ಕೋಶ ಹಿಗ್ಗುತ್ತದೆ, ಆದ್ದರಿಂದ ತಡೆ ತೆಳುವಾಗುತ್ತಾ ಹೋಗುತ್ತದೆ ಎಂದು 2015ರಲ್ಲಿ ಒಂದು ತಂಡ ತೋರಿಸಿತು. ಸರಳವಾದ, ಸುಂದರವಾದ ವಿವರಣೆ. 2020ರಲ್ಲಿ ಮತ್ತೊಂದು ತಂಡ ಅಳತೆಯ ಹತೋಟಿ ವ್ಹಿ5 ತೆಳುವಾಗುವುದನ್ನೇ ನೆಚ್ಚಿಲ್ಲ ಎಂದು ವಾದಿಸಿತು. 2021ರಲ್ಲಿ ಸಿಎಲ್‌ಎನ್3 ಮುಖ್ಯವಾಗಿ ಮುಟ್ಟುವುದು ವ್ಹಿ5ನ್ನಲ್ಲ, ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಕಿಣ್ವವನ್ನು ಎಂಬ ಪುರಾವೆ ಬಂತು. ಪಠ್ಯಗಳ ಚಿತ್ರಗಳಲ್ಲಿ ವರ್ಷಗಳಿಂದ ಸಿಎಲ್‌ಎನ್3ರಿಂದ ವ್ಹಿ5ಗೆ ಎಳೆಯುತ್ತಿದ್ದ ಬಾಣದ ಗುರುತು ಹೀಗೆ ಅಲುಗಾಡಿದೆ. ನನಗನ್ನಿಸುವುದು, ಅಳತೆ ನೋಡಲು ಕೋಶ ಒಂದೇ ಉಪಾಯವನ್ನು ನಂಬಿಕೊಂಡಿಲ್ಲ. ಆದ್ದರಿಂದಲೇ ಒಂದನ್ನು ತೆಗೆದಾಗ ಅಳತೆ ತಪ್ಪುತ್ತದೆಯೇ ಹೊರತು ಕೋಶ ಸಾಯುವುದಿಲ್ಲ.

ಸ್ಟಾರ್ಟ್ ದಾಟಿದ ಮೇಲೂ ಸಿಕ್1 ತಡೆದು ನಿಂತಿರುತ್ತದೆ. ಡಿಎನ್‌ಎ ಪ್ರತಿ ಮಾಡಿಸುವ ಸಿಎಲ್‌ಬಿ ಜೋಡಿಗಳು ಅದರ ಹಿಡಿತದಲ್ಲಿರುತ್ತವೆ. ಸಿಎಲ್‌ಎನ್ ಜೋಡಿಗಳು ಸಿಕ್1ರ ಮೇಲೆ ಒಂದಾದ ಮೇಲೊಂದು ಫಾಸ್ಫೇಟ್ ಕೂರಿಸುತ್ತವೆ. ಹಲವು ಜಾಗಗಳಲ್ಲಿ ಕೂತ ಮೇಲಷ್ಟೇ ಕಸದ ಯಂತ್ರ ಅದನ್ನು ಗುರುತಿಸಿ ಚೂರು ಮಾಡುತ್ತದೆ. ಒಂದೆರಡು ಆಕಸ್ಮಿಕವಾಗಿ ಕೂತರೆ ಏನೂ ಆಗದು. ತಪ್ಪು ಸೂಚನೆಗೆ ಕೋಶ ಬಲಿಯಾಗದಿರಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಊಹಿಸುವುದು ಕಷ್ಟ.

ಒಂಬತ್ತು ಸೈಕ್ಲಿನ್, ಒಂಬತ್ತು ಕೆಲಸ ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ 2010ರಲ್ಲಿ ಡೇಮಿಯನ್ ಕೂದ್ರೂಸ್ ಮತ್ತು ನರ್ಸ್ ಉದ್ದನೆಯ ಯೀಸ್ಟ್‌ನಲ್ಲಿ ಒಂದೇ ಸೈಕ್ಲಿನ್ ಮತ್ತು ಒಂದೇ ಕೈನೇಸ್ ಬೆಸೆದ ಒಂದು ಪ್ರೊಟೀನ್‌ನಿಂದ ಇಡೀ ಚಕ್ರವನ್ನು ನಡೆಸಿ ತೋರಿಸಿದರು. ಕೈನೇಸ್‌ನ ಒಟ್ಟು ಕೆಲಸ ಎಷ್ಟರ ಮಟ್ಟಕ್ಕೆ ಏರಿದೆ ಎಂಬುದೇ ಕ್ರಮವನ್ನು ನಿರ್ಧರಿಸಬಲ್ಲದು. ನಮ್ಮ ಕೆರೆಗಳಲ್ಲಿ ಮಳೆಯ ನೀರು ಏರುವಾಗ ಮೊದಲು ಕೆಳಗಿನ ತೂಬನ್ನು ಮುಟ್ಟಿ, ಎಷ್ಟೋ ಹೊತ್ತಿನ ಮೇಲೆ ಕೋಡಿಯನ್ನು ಮುಟ್ಟುವ ಹಾಗೆ, ಕಡಿಮೆ ಮಟ್ಟದಲ್ಲಿ ಡಿಎನ್‌ಎ ಪ್ರತಿಯಾಗುವುದು ತೊಡಗುತ್ತದೆ, ಹೆಚ್ಚಿನ ಮಟ್ಟದಲ್ಲಿ ಹಂಚಿಕೆ. ಬೇರೆ ಬೇರೆ ಸೈಕ್ಲಿನ್‌ಗಳು ಇದರ ಮೇಲೆ ನಯಗಾರಿಕೆ ಸೇರಿಸುತ್ತವೆ.

ಮಟ್ಟದ ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಯೀಸ್ಟ್‌ನಲ್ಲಿ ಉತ್ತರವಿದೆ. ಉದ್ದನೆಯ ಯೀಸ್ಟ್‌ನಿಂದ ಹಂಚಿಕೆಗೆ ಬೇಕಾದ ಸೈಕ್ಲಿನ್ ಸಿಡಿಸಿ13ನ್ನು ತೆಗೆದುಹಾಕಿದಾಗ ಕೋಶ ವಿಭಜನೆಯನ್ನು ಬಿಟ್ಟು ಡಿಎನ್‌ಎಯ ಪ್ರತಿಯನ್ನು ಮತ್ತೆ ಮತ್ತೆ ಮಾಡುತ್ತಾ ಹೋಯಿತು; 1994ರಲ್ಲಿ ಇದು ಪ್ರಕಟವಾಯಿತು. ಪ್ರಯೋಗಾಲಯದ ವಿಕೃತಿಯೆಂದು ತೋರುವ ಇದೇ ಹಾದಿಯ ಮೇಲೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಿಂತಿದೆ ಎಂದರೆ ರೇಷ್ಮೆ ಬೆಳೆಗಾರರು ನಂಬಲಾರರೇನೋ. ರೇಷ್ಮೆಹುಳುವಿನ ನೂಲು ಸುರಿಸುವ ಗ್ರಂಥಿಯ ಕೋಶಗಳು ಮೊಟ್ಟೆಯೊಳಗಿನ ಭ್ರೂಣದಲ್ಲೇ ಎಣಿಕೆ ಮುಗಿಸಿಕೊಂಡಿರುತ್ತವೆ. ಚಾಕಿಯಿಂದ, ಅಂದರೆ ಎಳೆ ಹುಳುವಿನ ಹಂತದಿಂದ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಕಳೆದು ಹುಳು ಹಣ್ಣಾಗುವ ತನಕ ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ, ಗ್ರಂಥಿಯೂ ಅಗಾಧವಾಗಿ ಬೆಳೆಯುತ್ತದೆ, ಆದರೆ ಅಲ್ಲಿ ಒಂದೇ ಒಂದು ಕೋಶ ಹೊಸದಾಗಿ ಹುಟ್ಟುವುದಿಲ್ಲ. ಇರುವ ಕೋಶಗಳೇ ಡಿಎನ್‌ಎಯನ್ನು 17ರಿಂದ 19 ಸುತ್ತು ದ್ವಿಗುಣಗೊಳಿಸುತ್ತವೆ. ಹದಿನೆಂಟು ಸುತ್ತು ಎಂದರೆ ಎರಡೂವರೆ ಲಕ್ಷ ಪಟ್ಟು ದಾಟುತ್ತದೆ. ನೂಲಿನ ಪ್ರೊಟೀನ್ ಬರೆಯುವ ವಂಶವಾಹಿಯ ಅಷ್ಟು ಪ್ರತಿಗಳು ಇರುವುದರಿಂದಲೇ ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಏರಿದ ಹುಳು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಬಲ್ಲದು. ಕೀಟಗಳ ಇಂಥ ಕೋಶಗಳಲ್ಲಿ ಹಂಚಿಕೆಯ ಸೈಕ್ಲಿನ್ ಅಡಗಿ, ಪ್ರತಿ ಮಾಡಿಸುವ ಸೈಕ್ಲಿನ್ ಮಾತ್ರ ಏರಿಳಿಯುತ್ತಿರುತ್ತದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇರುವ ಜಿಲ್ಲೆಯಲ್ಲಿ ಸೈಕ್ಲಿನ್ ಪಾಠವನ್ನು ಗ್ರಂಥಿಯನ್ನು ಬಿಡಿಸಿ ತೋರಿಸಿ ಶುರುಮಾಡದಿದ್ದರೆ ಅದು ದೊಡ್ಡ ನಷ್ಟ ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ಚಕ್ರ ಮುಗಿಯುವ ಬಗೆ. ವರ್ಣತಂತುಗಳ ಪ್ರತಿಗಳು ಜೋಡಿಯಾಗಿ ಅಂಟಿಕೊಂಡಿರುತ್ತವೆ. ಎಲ್ಲ ಜೋಡಿಗಳೂ ಎರಡೂ ಬದಿಯ ಎಳೆಗಳಿಗೆ ಸರಿಯಾಗಿ ಸಿಕ್ಕಿಕೊಳ್ಳುವ ತನಕ ತಪಾಸಣೆಯ ಪ್ರೊಟೀನ್‌ಗಳು ಎಪಿಸಿ ಎಂಬ ಯಂತ್ರವನ್ನು ತಡೆದಿರುತ್ತವೆ. ತಡೆ ಬಿಟ್ಟೊಡನೆ ಎಪಿಸಿ ಎರಡು ಕೆಲಸ ಮಾಡುತ್ತದೆ: ಜೋಡಿಯ ಅಂಟು ಕತ್ತರಿಸುವ ಕಿಣ್ವವನ್ನು ಬಿಡುಗಡೆ ಮಾಡುತ್ತದೆ, ಸೈಕ್ಲಿನ್ ಅನ್ನು ನಾಶಕ್ಕೆ ಗುರುತಿಸುತ್ತದೆ. ಸೈಕ್ಲಿನ್ ಹೋದರೆ ಕೈನೇಸ್ ನಿಲ್ಲುತ್ತದೆ, ಅದು ನಿಂತರೆ ಮಾತ್ರ ಕೋಶ ಹೊಸ ಸುತ್ತಿಗೆ ಅರ್ಹ. ನಾಶವಾಗದಂತೆ ತಿದ್ದಿದ ಸೈಕ್ಲಿನ್ ಕೊಟ್ಟಾಗ ಕೋಶದ್ರವ ಹಂಚಿಕೆಯ ಹಂತದಲ್ಲೇ ಸಿಕ್ಕಿಬಿದ್ದುದನ್ನು 1989ರಲ್ಲಿ ಕಪ್ಪೆಮೊಟ್ಟೆಯ ಸಾರದಲ್ಲಿ ನೋಡಿದರು. ಫಾಸ್ಫೇಟನ್ನು ತೆಗೆದು ಹಿಂದಿನ ಸ್ಥಿತಿಗೆ ಮರಳಬಹುದು. ಚೂರಾದ ಪ್ರೊಟೀನ್ ಮರಳಿ ಕೂಡದು. ಕೋಶಚಕ್ರ ಮುಂದಕ್ಕೇ ಹೋಗಿ ಹಿಂದಕ್ಕೆ ಬಾರದಿರುವುದರ ಕಾರಣ ಇಲ್ಲಿದೆ.

ಈಗ ಮನುಷ್ಯನಿಗೆ ಬರೋಣ. ನಮ್ಮ ಕೋಶಗಳಲ್ಲಿ ಸ್ಟಾರ್ಟ್‌ಗೆ ಸಮಾನವಾದ ಜಾಗದಲ್ಲಿ ಸೈಕ್ಲಿನ್ ಡಿ ಇದೆ, ಅದರ ಜೊತೆಗಾರರು ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕೈನೇಸ್‌ಗಳು. ವಿಭಜನೆಯ ವಂಶವಾಹಿಗಳನ್ನು ಎಬ್ಬಿಸುವ ಇ2ಎಫ್ ಇದೆ, ಅದನ್ನು ಅದುಮಿ ಹಿಡಿದ ಆರ್‌ಬಿ ಇದೆ. ಸೈಕ್ಲಿನ್ ಡಿ ಜೋಡಿ ಆರ್‌ಬಿಗೆ ಫಾಸ್ಫೇಟ್ ಕೂರಿಸಿ ಹಿಡಿತ ಸಡಿಲಿಸುತ್ತದೆ, ಇ2ಎಫ್ ಸೈಕ್ಲಿನ್ ಇಯನ್ನು ಹುಟ್ಟಿಸುತ್ತದೆ, ಅದು ಸಿಡಿಕೆ2 ಜೊತೆ ಸೇರಿ ಆರ್‌ಬಿಯನ್ನು ಪೂರ್ತಿ ಬಿಡಿಸುತ್ತದೆ. ಯೀಸ್ಟ್‌ನ ನಡೆಯೇ ಇದು. ವಿಚಿತ್ರವೆಂದರೆ ವ್ಹಿ5 ಮತ್ತು ಆರ್‌ಬಿ ರಚನೆಯಲ್ಲಿ ಒಂದನ್ನೊಂದು ಹೋಲುವುದಿಲ್ಲ. ಕೈನೇಸ್ ಪೂರ್ವಜರಿಂದ ಬಂದ ಆಸ್ತಿ, ತಡೆಪ್ರೊಟೀನ್ ಹಾಗಲ್ಲ. ಆದರೂ ತರ್ಕ ಒಂದೇ. ಬೆಳವಣಿಗೆಯೊಂದಿಗೆ ಆರ್‌ಬಿ ತೆಳುವಾಗುತ್ತದೆ ಎಂದು 2020ರಲ್ಲಿ ಮನುಷ್ಯ ಕೋಶಗಳಲ್ಲೂ ಕಂಡುಬಂತು.

ಸ್ತನ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಈಸ್ಟ್ರೊಜನ್ ಹಾರ್ಮೋನಿಗೆ ಓಗೊಡುವಂಥವು. ಅಲ್ಲಿ ಹಾರ್ಮೋನ್ ಸೈಕ್ಲಿನ್ ಡಿಯನ್ನು ಹೆಚ್ಚು ಹುಟ್ಟಿಸುತ್ತದೆ, ಆರ್‌ಬಿಯ ತಡೆ ಸದಾ ಸಡಿಲವಾಗಿರುತ್ತದೆ. ಪಾಲ್ಬೊಸಿಕ್ಲಿಬ್ ಸಿಡಿಕೆ4 ಮತ್ತು 6ರಲ್ಲಿ ಎಟಿಪಿ ಕೂರುವ ಜಾಗವನ್ನು ಆಕ್ರಮಿಸುತ್ತದೆ. ಆರ್‌ಬಿ ಮತ್ತೆ ಬಿಗಿಯುತ್ತದೆ. ಜೊತೆಗೆ ಲೆಟ್ರೊಜೋಲ್‌ನಂಥ ಮಾತ್ರೆ ಹಾರ್ಮೋನನ್ನೇ ಕಡಿಮೆ ಮಾಡಿ ಸೈಕ್ಲಿನ್ ಹುಟ್ಟುವುದನ್ನು ತಗ್ಗಿಸುತ್ತದೆ. ಒಂದು ಸೈಕ್ಲಿನ್ ಕಡೆಯಿಂದ, ಇನ್ನೊಂದು ಕೈನೇಸ್ ಕಡೆಯಿಂದ, ಎರಡೂ ಬೇಕು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2015ರ ಫೆಬ್ರುವರಿಯಲ್ಲಿ, ಅಂದರೆ ಯೀಸ್ಟ್‌ನ ಮೊದಲ ಚಿತ್ರಗಳ 45 ವರ್ಷಗಳ ನಂತರ. ಇದೇ ಗುಂಪಿನ ರಿಬೊಸಿಕ್ಲಿಬ್ ಮತ್ತು ಅಬೆಮಾಸಿಕ್ಲಿಬ್ 2017ರಲ್ಲಿ ಬಂದವು.

ಮೂಳೆಮಜ್ಜೆಯಲ್ಲಿ ಬಿಳಿಕಣಗಳ ತಾಯಿಕೋಶಗಳು ಸಿಡಿಕೆ6ನ್ನು ನೆಚ್ಚಿಕೊಂಡಿವೆ. ಮಾತ್ರೆ ಅವುಗಳನ್ನೂ ನಿಲ್ಲಿಸುತ್ತದೆ, ಆದ್ದರಿಂದ ಬಿಳಿಕಣಗಳ ಸಂಖ್ಯೆ ಇಳಿಯುತ್ತದೆ. ಹಳೆಯ ಕೀಮೊಥೆರಪಿ ಮಜ್ಜೆಯ ಕೋಶಗಳನ್ನು ಕೊಲ್ಲುತ್ತದೆ. ಇದು ಸ್ಟಾರ್ಟ್‌ನ ಮುಂದೆ ಕಾಯಿಸಿಡುತ್ತದೆ. ಔಷಧಿ ನಿಂತೊಡನೆ ಅವು ಮತ್ತೆ ಹೊರಡುತ್ತವೆ. ಏಳು ದಿನದ ಬಿಡುವು ಇದಕ್ಕಾಗಿ. ಮೊದಲ ಎರಡು ಸುತ್ತುಗಳಲ್ಲಿ 15ನೇ ದಿನವೂ ರಕ್ತ ಪರೀಕ್ಷೆ ಹೇಳುವುದು ಇಳಿತ ಎಷ್ಟಿದೆ ಎಂದು ನೋಡಿ ಪ್ರಮಾಣ ಹೊಂದಿಸಲು. ಮಾತ್ರೆ ಒಗ್ಗುತ್ತಿಲ್ಲ ಎಂದು ಹೆದರಿ ಅರ್ಧಕ್ಕೆ ಬಿಡುವವರಿಗೆ, ಬಿಡುವಿನ ವಾರದಲ್ಲೂ ನುಂಗಿದರೆ ಬೇಗ ಗುಣವಾದೀತು ಎಂದುಕೊಳ್ಳುವವರಿಗೆ ಈ ವಿವರಣೆಯನ್ನು ಕನ್ನಡದಲ್ಲಿ ಕೂತು ಹೇಳುವ ಮನುಷ್ಯ ಬೇಕು. ಜ್ವರ ಬಂದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು, ಬಿಳಿಕಣ ಇಳಿದಿರುವಾಗ ಸೋಂಕು ಅಪಾಯಕಾರಿ.

ಬೆಲೆ ಇಳಿದದ್ದು ನಿಜವಾದ ಬದಲಾವಣೆ. ಅದನ್ನು ಕಡಿಮೆ ಮಾಡಿ ಹೇಳುವುದು ಸಲ್ಲದು. ರಿಬೊಸಿಕ್ಲಿಬ್‌ನ ಬೆಲೆ ತಾಳಲಾರದೆ ಕೇರಳ ಹೈಕೋರ್ಟಿಗೆ ಹೋದ ಒಬ್ಬ ಮಹಿಳೆ 2022ರಲ್ಲಿ ಪ್ರಕರಣ ನಡೆಯುತ್ತಿರುವಾಗಲೇ ತೀರಿಕೊಂಡರು. ಆದರೆ ಮಾತ್ರೆ ಅಗ್ಗವಾದರೂ ಅದರ ಸುತ್ತಲಿನದು ಅಗ್ಗವಾಗಿಲ್ಲ. ಗೆಡ್ಡೆ ಹಾರ್ಮೋನಿಗೆ ಓಗೊಡುತ್ತದೆಯೇ, ಎಚ್‌ಇಆರ್2 ಎಂಬ ಪ್ರೊಟೀನ್ ಹೆಚ್ಚಾಗಿದೆಯೇ ಎಂಬ ಅಂಗಾಂಶ ಪರೀಕ್ಷೆ ಮೊದಲು ಆಗಬೇಕು. ಬಾಗೇಪಲ್ಲಿಯ ಆಚೆಯ ಹಳ್ಳಿಯಿಂದ ಒಂದು ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋಗುವುದೆಂದರೆ ಇಬ್ಬರ ಒಂದು ದಿನದ ಕೂಲಿ, ಬಸ್ ಖರ್ಚು, ಮೊದಲೇ ದಣಿದ ದೇಹ. ರಕ್ತಕಣಗಳ ಎಣಿಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥದ್ದು. ಅಲ್ಲಿ ಮಾಡಿದ ಎಣಿಕೆಯನ್ನು ಬೆಂಗಳೂರಿನ ವೈದ್ಯರು ಫೋನಿನಲ್ಲಿ ನೋಡಿ ಪ್ರಮಾಣ ಹೇಳುವ ಏರ್ಪಾಡನ್ನು ಜಿಲ್ಲಾಡಳಿತ ಮನಸ್ಸು ಮಾಡಿದರೆ ನಡೆಸಬಹುದು. ಹೊಸ ಕಟ್ಟಡವೇನೂ ಬೇಡ.

ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಹರಡಿದ ಕ್ಯಾನ್ಸರನ್ನು ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಗಳ ಕಾಲ ಹಿಡಿದಿಟ್ಟ ಮಾತ್ರೆ ಮುಂದೊಂದು ದಿನ ಕೆಲಸ ಮಾಡದಿರುವುದೇಕೆ? ಇದಕ್ಕೂ ಯೀಸ್ಟ್ ಮೊದಲೇ ಸುಳಿವು ಕೊಟ್ಟಿತ್ತು. ಮೂರು ಸಿಎಲ್‌ಎನ್‌ಗಳಲ್ಲಿ ಯಾವುದಾದರೂ ಒಂದಿದ್ದರೆ ಬೇಕರಿ ಯೀಸ್ಟ್ ಬದುಕುತ್ತದೆ. ಮೂರನ್ನೂ ತೆಗೆದರೆ ಸ್ಟಾರ್ಟ್‌ನಲ್ಲಿ ನಿಂತು ಸಾಯುತ್ತದೆ. ಆದರೆ ಮೂರರ ಜೊತೆಗೆ ಸಿಕ್1ನ್ನೂ ತೆಗೆದರೆ ಮತ್ತೆ ಬದುಕುತ್ತದೆ ಎಂದು 1996ರಲ್ಲಿ ತಿಳಿದುಬಂತು. ತಡೆಯೇ ಇಲ್ಲದ ಮೇಲೆ ತಡೆ ಬಿಡಿಸುವವರ ಅಗತ್ಯವೂ ಇಲ್ಲ. ಗೆಡ್ಡೆಗಳು ಈ ಎರಡೂ ದಾರಿ ಹಿಡಿಯುತ್ತವೆ. ಕೆಲವು ಸೈಕ್ಲಿನ್ ಇ ಮತ್ತು ಸಿಡಿಕೆ2ನ್ನು ಹೆಚ್ಚಿಸಿಕೊಂಡು ಸಿಡಿಕೆ4ರ ಹಂಗು ತೊರೆಯುತ್ತವೆ. ಕೆಲವು ಆರ್‌ಬಿಯನ್ನೇ ಕಳೆದುಕೊಳ್ಳುತ್ತವೆ. ಆಗ ಬಿಗಿಯಲು ಏನೂ ಉಳಿದಿರುವುದಿಲ್ಲ, ಮಾತ್ರೆಯ ಪ್ರಮಾಣ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಪ್ರಮಾಣ ಹೆಚ್ಚಿಸಿ ನೋಡಿ ಎಂದು ವೈದ್ಯರನ್ನು ಬೇಡುವ ಮನೆಯವರಿಗೆ ಔಷಧಿ ಬದಲಿಸಬೇಕು ಎಂಬ ಉತ್ತರ ಬರುವುದು ಇದರಿಂದಲೇ. ಮೊದಲ ದಾರಿ ಹಿಡಿದ ಗೆಡ್ಡೆಗಳಿಗಾಗಿ ಸಿಡಿಕೆ2ನ್ನು ತಡೆಯುವ ಔಷಧಿಗಳು ಈಗ ರೋಗಿಗಳಲ್ಲಿ ಪರೀಕ್ಷೆಯ ಹಂತದಲ್ಲಿವೆ. ಎರಡನೆಯ ದಾರಿ ಹಿಡಿದವಕ್ಕೆ ಕಳೆದುಹೋದ ತಡೆಯನ್ನು ಮರಳಿ ಕೊಡುವ ಮಾತ್ರೆ ಇನ್ನೂ ಇಲ್ಲ.